ಏರಬಾರದ್ದು ಒಂದು, ಇಳಿಯಬಾರದ್ದು ಮೂರು

ಅವನು ಮೊದಲ ಸಲ ಮನೆಗೆ ಬಂದಾಗ ಅಕ್ಕ ಅವನನ್ನು ಸೀದಾ ಕರೆದುಕೊಂಡು ಹೋಗಿ ವಾಷಿಂಗ್ ಮಷೀನಿನ ಮುಂದೆ ನಿಲ್ಲಿಸಿದಳು.

ತನ್ನ ತಪ್ಪೇನೂ ಇಲ್ಲ ಅಂತ ಅಕ್ಕ ಇವತ್ತಿಗೂ ವಾದಿಸುತ್ತಾಳೆ. ರಿಪೇರಿಯವನು ಬೆಳಿಗ್ಗೆ ಬರ್ತೀನಿ ಅಂದಿದ್ದ. ಬೆಳಿಗ್ಗೆ ಹೆಗಲಿಗೆ ಬ್ಯಾಗು ನೇತುಹಾಕಿಕೊಂಡ ಮನುಷ್ಯನೊಬ್ಬ ಬೆಲ್ ಒತ್ತಿದ. ಇನ್ಯಾರು ಅಂದುಕೊಳ್ಳಬೇಕಿತ್ತು? "ತಿರುಗೋದೆಲ್ಲ ಚೆನ್ನಾಗೇ ತಿರುಗುತ್ತೆ, ನೀರು ಮಾತ್ರ ಹೊರಗೆ ಹೋಗ್ತಿಲ್ಲ," ಅಂತ ಲಕ್ಷಣವನ್ನೂ ವಿವರಿಸಿದಳು. ಅವನು ಮಷೀನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಬಹಳ ಮರ್ಯಾದೆಯಿಂದ, "ರಕ್ತ ತಗೋಬೇಕಾಗಿರೋದು ಇವರದ್ದೇನಾ ಮೇಡಂ?" ಅಂತ ಕೇಳಿದ.

ಒಳಗಿನ ಕೋಣೆಯಲ್ಲಿ ಪರದೆ ಎಳೆದುಕೊಂಡು ಮಲಗಿದ್ದ ತಂಗಿಗೆ ಇದೆಲ್ಲ ಕೇಳಿಸುತ್ತಿತ್ತು. ಅವಳು ನಕ್ಕು ಎಷ್ಟು ದಿನವಾಗಿತ್ತೋ ಏನೋ. ನಕ್ಕಾಗ ಪಕ್ಕೆ ನೋಯಿತು, ಆದರೂ ನಕ್ಕಳು. "ಪೇಷೆಂಟ್ ಇಲ್ಲಿದೀನಿ," ಅಂತ ಅಲ್ಲಿಂದಲೇ ಕೂಗಿದಳು.

ಈ ತಂಗಿಯ ಕೆಲಸ ಮಕ್ಕಳಿಗೆ ಈಜು ಕಲಿಸುವುದು. ಪೂಲಿನ ಮಕ್ಕಳೆಲ್ಲ ಈಜು ಮಿಸ್ಸು ಅಂತ ಕರೆದೂ ಕರೆದೂ ಈಗ ಎದುರುಮನೆಯವರೂ ಹಾಗೇ ಕರೆಯುತ್ತಾರೆ. ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಜನರ ಭಯ ಬಿಡಿಸಿಯೇ ಹೊಟ್ಟೆ ಹೊರೆಯುವ ಇಬ್ಬರು ಹೆಂಗಸರ ಮನೆ ಅದು, ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ.

ಮಿಸ್ಸಿಗೆ ಬಂದದ್ದು ಲೂಪಸ್. ಕಾಯೋದಕ್ಕೆ ಅಂತ ದೇಹ ಇಟ್ಟುಕೊಂಡಿರುವ ಪಡೆ ತಲೆಕೆಟ್ಟು ಮನೆಯವರ ಮೇಲೇ ಕೈಮಾಡುವ ಕಾಯಿಲೆ. ಮೊದಲು ಬೆರಳ ಗೆಣ್ಣು ಹಿಡಿದುಕೊಂಡಿತು, ಆಮೇಲೆ ಕೆನ್ನೆಯ ಮೇಲೆ ಕೆಂಪು ಮೂಡಿತು, ಆಮೇಲೆ ಕಿಡ್ನಿಗೂ ಒಂದು ಪೆಟ್ಟು ಕೊಟ್ಟು ಹೋಯಿತು. ಬಿಸಿಲು ಕಂಡರೆ ಆಗದು. ಮಾತ್ರೆ ನುಂಗಿ ನುಂಗಿ ಅದನ್ನು ಒಂದು ಹದಕ್ಕೆ ತಂದಿದ್ದಾಯಿತು. ಇನ್ನು ಕಾವಲು ಕಾಯುವುದೊಂದೇ ಬಾಕಿ.

ಆ ಕಾವಲಿನ ಲೆಕ್ಕವನ್ನು ಡಾಕ್ಟರಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದರು. "ಏರಬಾರದ್ದು ಒಂದು, ಇಳಿಯಬಾರದ್ದು ಮೂರು. ಇಷ್ಟು ನೆನಪಿಟ್ಕೊಳ್ಳಿ ಸಾಕು."

ಏರಬಾರದ್ದು, ಡಿಎನ್ಎ ಮೇಲೆ ಕತ್ತಿ ಮಸೆಯುವ ಒಂದು ಆಂಟಿಬಾಡಿ. ಇಳಿಯಬಾರದ್ದು ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳ ಲೆಕ್ಕ: ಸಿ-ತ್ರೀ, ಸಿ-ಫೋರ್, ಸಿಎಚ್-ಫಿಫ್ಟಿ. ಒಳಗೆ ಎಲ್ಲೋ ಜಗಳ ಹತ್ತಿಕೊಂಡರೆ ಇವು ಅಲ್ಲಿಗೇ ಖರ್ಚಾಗಿಹೋಗುತ್ತವೆ, ರಕ್ತದಲ್ಲಿ ಕಮ್ಮಿ ಕಾಣುತ್ತವೆ. "ಈ ಮೂರರಲ್ಲಿ ಮೊದಲೆರಡು ಟೆಸ್ಟು, ಕೆಲಸಕ್ಕೆ ಎಷ್ಟು ಜನ ಬಂದಿದಾರೆ ಅಂತ ತಲೆ ಎಣಿಸೋದು. ಮೂರನೇದು, ಬಂದವರು ಕೆಲಸ ಮಾಡ್ತಿದಾರಾ ಅಂತ ನೋಡೋದು," ಅಂದರು ಡಾಕ್ಟರಮ್ಮ.

"ಆ ಮೂರನೇದು ನಮ್ಮ ಆಫೀಸಿಗೂ ಬೇಕು," ಅಂದಳು ಅಕ್ಕ.

ಡಾಕ್ಟರಮ್ಮ ಒಂದು ಮಾತು ಕೊಟ್ಟಿದ್ದರು. ಶಾಲೆಗಳಿಗೆ ದೊಡ್ಡ ರಜೆ ಬಂದು ಪೂಲಿನಲ್ಲಿ ಹೊಸ ಬ್ಯಾಚು ಶುರುವಾಗುವ ಹೊತ್ತಿಗೆ ಈ ನಾಲ್ಕೂ ಅಲುಗಾಡದೆ ನಿಂತಿದ್ದರೆ, ಮಾತ್ರೆ ಇಳಿಸಿ ಮಿಸ್ಸನ್ನು ನೀರಿಗೆ ಬಿಡುತ್ತೇನೆ ಅಂತ. ಪೂಲಿಗೆ ಚಾವಣಿಯಿದೆ, ಬಿಸಿಲಿನ ಕಾಟವಿಲ್ಲ. ಮಿಸ್ಸು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ದಿನ ದೂಡುತ್ತಿದ್ದಳು. ಈಜು ಬಿಟ್ಟ ಈಜು ಮಿಸ್ಸು ಅಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಅದಕ್ಕೇ ತಿಂಗಳಿಗೊಮ್ಮೆ ಲ್ಯಾಬಿನಿಂದ ರಕ್ತ ತೆಗೆಯುವವನು ಮನೆಗೆ ಬರುತ್ತಿದ್ದ. ಅಕ್ಕ ಅವನಿಗೆ ಸೊಳ್ಳೆ ಅಂತ ಹೆಸರಿಟ್ಟಳು. ವಾಷಿಂಗ್ ಮಷೀನಿನ ಮುಂದೆ ಆದ ಅವಮಾನಕ್ಕೆ ಏನಾದರೂ ಸೇಡು ಬೇಕಲ್ಲ.

ಸೊಳ್ಳೆ ಕೆಲಸದಲ್ಲಿ ಚುರುಕು. ಮಿಸ್ಸಿನ ನರ ಸಿಗದೆ ಆಸ್ಪತ್ರೆಯಲ್ಲಿ ಎಷ್ಟೋ ಜನ ಕೈ ತುಂಬ ಚುಚ್ಚಿ ನೀಲಿ ಮಾಡಿ ಕಳಿಸಿದ್ದರು. ಇವನು ಚುಚ್ಚುವ ಮೊದಲು ಅವಳ ಅಂಗೈಯನ್ನು ತನ್ನ ಎರಡು ಕೈಯ ನಡುವೆ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದ. ಕಣ್ಣು ಕೈಯ ಮೇಲೇ. ಆಮೇಲೆ ಸೂಜಿ ಇಳಿಸುವ ಹೊತ್ತಿಗೆ ಸರಿಯಾಗಿ ಒಂದು ಪ್ರಶ್ನೆ ಎಸೆಯುತ್ತಿದ್ದ.

"ನೀರೊಳಗೆ ಕಣ್ಣು ಬಿಟ್ರೆ ಉರಿಯಲ್ವಾ ಮಿಸ್?"

ಅವಳು ಉತ್ತರ ಹುಡುಕುವಷ್ಟರಲ್ಲಿ ಟ್ಯೂಬು ತುಂಬಿರುತ್ತಿತ್ತು. ಒಂದು ಟ್ಯೂಬು ಬ್ಯಾಗಿಗೆ. ಇನ್ನೊಂದು, ಆ ಮೂರನೇ ಟೆಸ್ಟಿನದ್ದು, ತಣ್ಣಗೇ ಇರಬೇಕಾದ್ದು. ಐಸಿನ ಡಬ್ಬಿ ಕೆಳಗೆ ಸ್ಕೂಟರಿನ ಹಿಂದೆ ಕಟ್ಟಿದ್ದರಿಂದ ಅದನ್ನು ಮಾತ್ರ ಶರ್ಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಜೇಬಿನಲ್ಲಿದ್ದರೆ ಮರೆಯೋದಿಲ್ಲ ಅನ್ನುವುದು ಅವನ ಲೆಕ್ಕ. "ಬರ್ತೀನಿ ಮಿಸ್" ಅಂದವನು ಮೆಟ್ಟಿಲನ್ನು ದಡದಡ ಇಳಿದು ಹೋಗುವನು. ಅವಳು ಪರದೆಯ ಅಂಚು ಸರಿಸಿ ನೋಡುವಳು. ಅವನು ಟ್ಯೂಬನ್ನು ಡಬ್ಬಿಯೊಳಗಿಟ್ಟು, ಮುಚ್ಚಳದ ಮೇಲೆ ಮೆಲ್ಲಗೆ ಒಂದು ತಟ್ಟು ತಟ್ಟಿ, ಸ್ಕೂಟರ್ ಹತ್ತುತ್ತಿದ್ದ. ಆ ತಟ್ಟನ್ನು ನೋಡಲಿಕ್ಕೇ ತಾನು ಪರದೆ ಸರಿಸುತ್ತಿದ್ದೇನೆ ಅಂತ ಅವಳು ಒಪ್ಪಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು.

ರಿಪೋರ್ಟುಗಳು ಚೆನ್ನಾಗಿ ಬರುತ್ತಿದ್ದವು. ಏರಬಾರದ್ದು ಏರಲಿಲ್ಲ, ಇಳಿಯಬಾರದ್ದು ಇಳಿಯಲಿಲ್ಲ. ಡಾಕ್ಟರಮ್ಮ ಒಂದು ಮಾತ್ರೆಯನ್ನು ಅರ್ಧ ಮಾಡಿದರು.

ಆಮೇಲೆ ಒಂದು ಬೆಳಿಗ್ಗೆ ಅಕ್ಕ ಬೇಗ ಕೆಲಸಕ್ಕೆ ಹೋಗಿದ್ದಳು. ರಕ್ತ ತೆಗೆದಾಯಿತು, ಹತ್ತಿ ಒತ್ತಿದ್ದಾಯಿತು. ಎದ್ದು ನಿಂತ ಸೊಳ್ಳೆಯನ್ನು ಮಿಸ್ಸು ಕೇಳಿದಳು. "ಯಾವಾಗ್ಲೂ ನೀರಿನ ಬಗ್ಗೇನೇ ಕೇಳ್ತೀರಲ್ಲ, ನಿಮಗೆ ಈಜು ಬರುತ್ತಾ?"

"ಇಲ್ಲ ಮಿಸ್. ಚಿಕ್ಕೋನಿದ್ದಾಗ ನಮ್ಮಣ್ಣ ತಮಾಷೆಗೆ ನೀರಿಗೆ ತಳ್ಳಿಬಿಟ್ಟ. ಅವತ್ತಿಂದ ಬಕೆಟ್ಟಿನ ನೀರು ಬಿಟ್ರೆ ಬೇರೆ ನೀರಿನ ಸಹವಾಸ ಇಲ್ಲ."

"ಸೂಜಿ ಹಿಡಿದು ಊರೆಲ್ಲ ಹೆದರಿಸ್ತೀರಿ, ನೀರಿಗೆ ಹೆದರ್ತೀರಾ?"

"ಸೂಜಿ ಬೇರೆಯವರಿಗೆ ಚುಚ್ಚೋದು ಮಿಸ್. ಅದಕ್ಕೇನು ಧೈರ್ಯ ಬೇಕು?"

ಅವಳಿಗೆ ಆ ಮಾತು ಹಿಡಿಸಿತು. "ಕೂತ್ಕೊಳ್ಳಿ, ಕಾಫಿ ಕುಡ್ಕೊಂಡು ಹೋಗಿ," ಅಂದಳು. ಅವನು ಗಡಿಯಾರ ನೋಡಿದ, ಅವಳ ಮುಖ ನೋಡಿದ, ಮತ್ತೆ ಗಡಿಯಾರದ ಕಡೆ ನೋಡಲಿಲ್ಲ.

ಕಾಫಿ ಮುಗಿದರೂ ಮಾತು ಮುಗಿಯಲಿಲ್ಲ. ನೀರಿಗೆ ಹೆದರುವ ಮಕ್ಕಳಿಗೆ ಮೊದಲ ಪಾಠ ಏನು ಅಂತ ಅವನು ಕೇಳಿದ. ಬಾಯಲ್ಲಿ ಹೇಳಿದರೆ ಬರುವ ವಿದ್ಯೆಯಲ್ಲ ಅದು. ಮಿಸ್ಸು ಅಡುಗೆಮನೆಯಿಂದ ದೊಡ್ಡ ಬೇಸಿನ್ ತಂದು, ನೀರು ತುಂಬಿಸಿ, ಮೇಜಿನ ಮೇಲಿಟ್ಟಳು.

"ಮುಖ ಮುಳುಗಿಸಿ. ಬಾಯಿಂದ ಉಸಿರು ಬಿಡಿ. ಗುಳ್ಳೆ ಬರಬೇಕು."

"ಇದರಲ್ಲಿ ಯಾರಾದ್ರೂ ಸತ್ತಿದಾರಾ ಮಿಸ್?"

"ಇದುವರೆಗೂ ಇಲ್ಲ. ನೀವು ಮೊದಲನೆಯವರಾಗಬೇಡಿ."

ಅವನು ಬಗ್ಗಿದ. ಜೇಬಿನಲ್ಲಿದ್ದ ಟ್ಯೂಬು ನೀರಿಗೆ ಬಿದ್ದೀತು ಅಂತ ಒಂದು ಕೈಯಿಂದ ಎದೆಯನ್ನು ಅದುಮಿ ಹಿಡಿದುಕೊಂಡೇ ಬಗ್ಗಿದ. ಮೂರು ಗುಳ್ಳೆ ಬಂದವು. ಆಮೇಲೆ ಮೂಗಿಗೆ ನೀರು ಹೋಗಿ, ಕೆಮ್ಮಿ, ಸೀನಿ, ಮೇಜೆಲ್ಲ ಒದ್ದೆ. ಅವಳು ಟವೆಲ್ ಕೊಟ್ಟಳು. ಅವನ ರೆಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ. ಅವಳೂ ಟವೆಲಿನ ಒಂದು ತುದಿ ಬಿಡಲು ಮರೆತಿದ್ದಳು. ಇಬ್ಬರಿಗೂ ಒಟ್ಟಿಗೆ ನೆನಪಾಗಿ ಇಬ್ಬರೂ ಒಟ್ಟಿಗೆ ಬಿಟ್ಟದ್ದರಿಂದ ಟವೆಲ್ ಬೇಸಿನ್ನಿಗೆ ಬಿತ್ತು.

ಅವತ್ತು ಅವನು ಮೆಟ್ಟಿಲನ್ನು ದಡದಡ ಇಳಿಯಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದ. ಮಿಸ್ಸು ಆ ರಾತ್ರಿ ಗೆಣ್ಣುನೋವಿಲ್ಲದೆ ಮಲಗಿದಳು. ನೋವಿಲ್ಲ ಅನ್ನುವುದು ಬೆಳಿಗ್ಗೆ ಎದ್ದಮೇಲೆ ಗೊತ್ತಾಯಿತು.

ರಿಪೋರ್ಟಿನಲ್ಲಿ ಮೂರನೇದು ಇಳಿದಿತ್ತು.

"ಆಂಟಿಬಾಡಿ ಸರಿ ಇದೆ, ಸಿ-ತ್ರೀ ಸಿ-ಫೋರ್ ಸರಿ ಇದೆ. ಇದೊಂದು ಬಿದ್ದಿದೆ. ಆಳುಗಳೆಲ್ಲ ಬಂದಿದಾರೆ, ಕೆಲಸ ಆಗ್ತಿಲ್ಲ," ಅಂದರು ಡಾಕ್ಟರಮ್ಮ. ಫೋನು ಮಾಡಿ ಲ್ಯಾಬನ್ನೂ ವಿಚಾರಿಸಿದರು. ಟ್ಯೂಬು ಐಸಿನಲ್ಲೇ ಬಂತು ಅಂದರು ಲ್ಯಾಬಿನವರು. ಅವರು ಹೇಳಿದ್ದು ಸುಳ್ಳೂ ಅಲ್ಲ, ಲ್ಯಾಬಿಗೆ ತಲುಪುವಾಗ ಅದು ಐಸಿನಲ್ಲೇ ಇತ್ತು. ಅರ್ಧ ಮಾಡಿದ್ದ ಮಾತ್ರೆ ಮತ್ತೆ ಪೂರ್ತಿಯಾಯಿತು, ಜೊತೆಗೆ ಇನ್ನೊಂದು ಸೇರಿತು.

ಮುಂದಿನ ತಿಂಗಳು ಅವನು ಬಂದಾಗ ಕಾಫಿಗೆ ಕರೆಯುವ ಅಗತ್ಯವೇ ಬರಲಿಲ್ಲ. ಬೇಸಿನ್ ಮೊದಲೇ ಮೇಜಿನ ಮೇಲಿತ್ತು. ಗುಳ್ಳೆ ಹದಿನೈದರವರೆಗೆ ಹೋಯಿತು. ಬಿಸ್ಕತ್ತು ಖಾಲಿಯಾಯಿತು. ಅವನ ಅಮ್ಮನ ಮಂಡಿನೋವು, ಅವಳ ಪೂಲಿನ ಮ್ಯಾನೇಜರನ ಪೊಗರು, ಎರಡೂ ಚರ್ಚೆಯಾದವು. ಅಕ್ಕ ಮಧ್ಯಾಹ್ನದ ಊಟಕ್ಕೆ ಬಂದಾಗ ಅವನು ಇನ್ನೂ ಅಲ್ಲೇ ಕೂತಿದ್ದ.

"ಏನು, ಸೊಳ್ಳೆ ಇಲ್ಲೇ ಮೊಟ್ಟೆ ಇಡೋ ಯೋಚನೇಲಿದೆಯಾ?" ಅಂದಳು ಅಕ್ಕ, ಅವನು ಹೋದಮೇಲೆ.

"ಏನೋಪ್ಪ," ಅಂದಳು ತಂಗಿ. ಮುಖ ಕೆಂಪಾಯಿತು. ಈ ಸಲ ಅದು ಲೂಪಸ್ಸಿನ ಕೆಂಪಲ್ಲ.

ಆ ಸಲದ ರಿಪೋರ್ಟಿನಲ್ಲಿ ಮೂರನೇದು ಇನ್ನಷ್ಟು ಇಳಿದಿತ್ತು. ಚೂರುಪಾರು ಅಲ್ಲ, ಅರ್ಧಕ್ಕರ್ಧ.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಮಾತು ಗಂಭೀರ ಅಂತ ಅರ್ಥ. "ಇನ್ನೊಂದು ಸಲ ನೋಡೋಣ. ಮತ್ತೆ ಹೀಗೇ ಬಂದ್ರೆ ಕಿಡ್ನಿಗೆ ಸೂಜಿ ಹಾಕಿ ಚೂರು ತೆಗೆದು ನೋಡ್ಲೇಬೇಕು. ಒಳಗೆ ಶುರುವಾಗಿದ್ರೆ ಡ್ರಿಪ್ಪಲ್ಲಿ ಕೊಡೋ ಔಷಧಿ. ಅದು ಕೊಟ್ಟಮೇಲೆ ಮಕ್ಕಳು, ಪೂಲು, ಜನಜಂಗುಳಿ, ಏನೂ ಕೂಡದು. ಒಂದು ವರ್ಷ ಅಂತಿಟ್ಕೊಳ್ಳಿ."

"ನನಗೆ ಚೆನ್ನಾಗೇ ಇದೆ ಡಾಕ್ಟರ್. ಇಷ್ಟು ಚೆನ್ನಾಗಿದ್ದು ತುಂಬಾ ದಿನ ಆಗಿತ್ತು."

"ಅದೇ ಈ ಕಾಯಿಲೆ ಮೋಸ. ಚೆನ್ನಾಗಿದೆ ಅನ್ಸೋದನ್ನ ನಂಬ್ಕೊಂಡು ನಾನು ಕೂರೋ ಹಾಗಿಲ್ಲ. ಇತ್ತೀಚೆಗೆ ಏನಾದ್ರೂ ಬದಲಾಗಿದೆಯಾ? ನಿದ್ದೆ, ಬಿಸಿಲು, ಮನಸ್ಸಿಗೆ ಏನಾದ್ರೂ?"

ಮಿಸ್ಸು ಇಲ್ಲ ಅಂದಳು. ಕಾರಿನಲ್ಲಿ ವಾಪಸ್ಸು ಬರುವಾಗ ಅಕ್ಕ ಸಿಗ್ನಲ್ಲಿನಲ್ಲಿ ನಿಂತು ಹೇಳಿದಳು. "ಬದಲಾಗಿರೋದು ಒಂದೇ ಕಣೇ. ಸೊಳ್ಳೆ ಕೂರೋಕೆ ಶುರುಮಾಡಿದ್ದು."

ತಮಾಷೆಗೇ ಹೇಳಿದ್ದು. ಹಸಿರು ಬಂತು, ಕಾರು ಮುಂದೆ ಹೋಯಿತು. ಆದರೆ ತಂಗಿಯ ತಲೆಯಲ್ಲಿ ಆ ಮಾತು ಅಲ್ಲೇ ನಿಂತುಬಿಟ್ಟಿತು.

ಅವಳು ಲೆಕ್ಕ ಹಾಕಿದಳು. ಅವನು ಸೀದಾ ಇಳಿದು ಹೋಗುತ್ತಿದ್ದಾಗ ರಕ್ತ ಸರಿ ಇತ್ತು. ಅವನು ಕೂತ ದಿನ ಇಳಿಯಿತು. ಇನ್ನೂ ಹೆಚ್ಚು ಹೊತ್ತು ಕೂತ ದಿನ ಇನ್ನೂ ಇಳಿಯಿತು. ಅವನು ಬರುವ ಹಿಂದಿನ ರಾತ್ರಿ ಅವಳಿಗೆ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ, ಬೆಲ್ ಆದರೆ ಎದೆ ಡವಡವ ಅನ್ನುತ್ತಿತ್ತು. ಇಂಥದ್ದಕ್ಕೆಲ್ಲ ಈ ಹಾಳು ದೇಹ ಲೆಕ್ಕ ಇಟ್ಟುಕೊಳ್ಳುತ್ತದೋ ಏನೋ. ತನಗೆ ಸುಖ ಅನ್ನಿಸಿದ್ದು ರಕ್ತಕ್ಕೆ ವಿಷವಾಗಿದ್ದರೆ ಯಾರನ್ನು ನಂಬಬೇಕು? ನಂಬಬೇಕಾದ್ದು ರಕ್ತವನ್ನೇ ಅಂತ ಡಾಕ್ಟರಮ್ಮ ಹೇಳಿದ್ದರಲ್ಲ.

ಒಂದು ಕಡೆ ಅವನು, ಇನ್ನೊಂದು ಕಡೆ ನೀರು. ಅವಳು ನೀರನ್ನು ಆರಿಸಿಕೊಂಡಳು. ಸುಲಭವಾಗಿ ಆರಿಸಿಕೊಂಡಳು ಅಂತ ಯಾರೂ ತಿಳಿಯಬೇಡಿ, ಎರಡು ದಿನ ಊಟ ಸೇರಲಿಲ್ಲ.

ಆ ಭಾನುವಾರ ಸಂಜೆ ಬೆಲ್ ಆಯಿತು. ಸೊಳ್ಳೆ ನಿಂತಿದ್ದ. ಇಸ್ತ್ರಿ ಮಾಡಿದ ಶರ್ಟು, ಒತ್ತಿ ಬಾಚಿದ ತಲೆ, ಹೆಗಲಲ್ಲಿ ಬ್ಯಾಗಿಲ್ಲ. ಬ್ಯಾಗಿಲ್ಲದೆ ಅವನು ಆ ಬಾಗಿಲಿಗೆ ಬಂದದ್ದು ಅದೇ ಮೊದಲು. ಏನೋ ಹೇಳಲು ಬಂದವನ ಮುಖ ಹೇಗಿರುತ್ತದೆ ಅಂತ ಅವಳಿಗೂ ಗೊತ್ತಿತ್ತು. ಅವನು ಬಾಯಿ ತೆರೆಯುವ ಮುಂಚೆ ತಾನೇ ಹೇಳಿ ಮುಗಿಸಬೇಕು ಅಂತ ಗಡಬಡಿಸಿದಳು.

"ಇನ್ನು ಮುಂದೆ ಬೇರೆ ಯಾರನ್ನಾದ್ರೂ ಕಳಿಸಿ ಅಂತ ಲ್ಯಾಬಿಗೆ ಹೇಳಿದೀನಿ."

"ಯಾಕೆ ಮಿಸ್? ನೋವಾಯ್ತಾ?"

"ಅದಲ್ಲ. ನೀವು ಇಲ್ಲಿ ಕೂರೋಕೆ ಶುರುಮಾಡಿದಾಗಿಂದ ನನ್ನ ರಿಪೋರ್ಟು ಕೆಡ್ತಿದೆ. ನಗಬೇಡಿ. ಎರಡು ಸಲ ಆಯ್ತು. ಇನ್ನೊಂದು ಸಲ ಆದ್ರೆ ನಾನು ಪೂಲಿನ ಮುಖ ನೋಡೋ ಹಾಗಿಲ್ಲ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಇಷ್ಟ ಇರೋದೇ ತೊಂದರೆ ಅನ್ಸುತ್ತೆ. ನನ್ನ ಮೈ ಅದನ್ನ ತಡ್ಕೊಳ್ತಿಲ್ಲ."

ಅವನು ನಗಲಿಲ್ಲ. ರಕ್ತ ತೆಗೆಯುವವರಿಗೆ ರಿಪೋರ್ಟು ತೋರಿಸುವ ಪದ್ಧತಿಯಿಲ್ಲ, ಹಾಗಾಗಿ ಅವನಿಗೆ ಇದು ಹೊಸ ಸುದ್ದಿ. "ಏನು ಕೆಟ್ಟಿದೆ? ಆಂಟಿಬಾಡಿ ಏರಿದೆಯಾ?"

"ಇಲ್ಲ."

"ಸಿ-ತ್ರೀ, ಸಿ-ಫೋರ್?"

"ಎಲ್ಲ ಸರಿ ಇದೆ. ಮೂರನೇದೊಂದೇ."

ಅವನ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು. ಕೈ ತಾನಾಗಿ ಶರ್ಟಿನ ಜೇಬಿಗೆ ಹೋಯಿತು. ಜೇಬು ಖಾಲಿಯಿತ್ತು.

"ಸರಿ ಮಿಸ್," ಅಂದ. ಇಳಿದು ಹೋದ.

ಎಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟ ಅಂತ ಅವಳು ಬಾಗಿಲು ಹಾಕಿಕೊಂಡು ಅತ್ತಳು. ತಾನೇ ಕಳಿಸಿದವನು ಹೋದದ್ದಕ್ಕೆ ಅಳುವುದು ಅನ್ಯಾಯ ಅಂತ ಗೊತ್ತಿದ್ದೂ ಅತ್ತಳು.

ಮುಂದಿನ ಸಲ ಲ್ಯಾಬಿನಿಂದ ಬಂದವರು ಒಬ್ಬ ಹೆಂಗಸು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ, ಐಸಿನ ಡಬ್ಬಿಯನ್ನು ಧೊಪ್ಪನೆ ಮೇಜಿನ ಮೇಲಿಟ್ಟರು. "ನಿಮ್ಮ ಮನೆಗೆ ಮಾತ್ರ ಇದನ್ನ ಮೇಲಕ್ಕೇ ಹೊತ್ಕೊಂಡು ಬರಬೇಕಂತೆ. ಟ್ಯೂಬು ತುಂಬಿದ ತಕ್ಷಣ ಒಳಗೆ ಹಾಕು ಅಂತ ಆ ಪುಣ್ಯಾತ್ಮ ನನ್ನ ತಲೆ ತಿಂದಿದಾನೆ. ನನ್ನ ಸೊಂಟದ ಗತಿ ಅವನಿಗೇನು ಗೊತ್ತು?"

ಯಾವ ಪುಣ್ಯಾತ್ಮ ಅಂತ ಮಿಸ್ಸು ಕೇಳಲಿಲ್ಲ. ಕೇಳಿದರೆ ಎದೆ ಮತ್ತೆ ಡವಡವ ಅಂದು ರಕ್ತ ಕೆಡಬಹುದು ಅನ್ನುವ ಭಯ.

ರಿಪೋರ್ಟು ಬಂತು. ನಾಲ್ಕಕ್ಕೆ ನಾಲ್ಕೂ ಸರಿ. ಮೂರನೇದು ಎದ್ದು ತನ್ನ ಜಾಗಕ್ಕೆ ಬಂದು ಕೂತಿತ್ತು.

ಅಕ್ಕ ಅವಳನ್ನು ತಬ್ಬಿಕೊಂಡಳು. ಮಿಸ್ಸಿಗೂ ಸಂತೋಷವಾಯಿತು, ಸುಳ್ಳಲ್ಲ. ಆದರೆ ಆ ಕಾಗದ ಅವಳಿಗೆ ಇನ್ನೊಂದನ್ನೂ ಹೇಳಿತು. ಅವನು ಬರದೆ ಇದ್ದದ್ದಕ್ಕೇ ರಕ್ತ ಸರಿಹೋಯಿತು. ಇನ್ನು ಅನುಮಾನಕ್ಕೆ ಜಾಗವಿಲ್ಲ. ಹೆಚ್ಚಿಸಿದ ಮಾತ್ರೆಗೆ ಅವಳ ಮುಖ ಊದಿಕೊಂಡು ದುಂಡಗಾಗಿತ್ತು. ಕನ್ನಡಿಯ ಮುಂದೆ ನಿಂತು, ಹೋಗಲಿ, ಈ ಮುಖ ಅವನು ನೋಡುವ ಹಾಗಿಲ್ಲವಲ್ಲ, ಅದೂ ಒಳ್ಳೆಯದೇ ಆಯಿತು ಅಂದುಕೊಂಡಳು.

ರಿಪೋರ್ಟು ತೋರಿಸಲು ಹೋದ ದಿನ, ಡಾಕ್ಟರಮ್ಮನ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋದರೆ ಅವನು ಅಲ್ಲೇ ಕೂತಿದ್ದ.

ಕುರ್ಚಿಯ ಅಂಚಿನಲ್ಲಿ, ಶಾಲೆಯಲ್ಲಿ ಹೆಡ್‌ಮೇಷ್ಟ್ರ ಮುಂದೆ ಕೂತ ಹುಡುಗನ ಹಾಗೆ. ಡಾಕ್ಟರಮ್ಮನ ಕನ್ನಡಕ ಮೇಜಿನ ಮೇಲಿತ್ತು.

"ಬನ್ನಿ, ಕೂತ್ಕೊಳ್ಳಿ," ಅಂದರು ಅವರು. "ಇವರೇನೋ ಹೇಳಬೇಕಂತೆ. ನನಗೆ ಹೇಳಿ ಆಯ್ತು. ನಿಮ್ಮೆದುರಿಗೂ ಹೇಳ್ಲಿ."

ಅವನು ಅವಳ ಕಡೆ ನೋಡಲಿಲ್ಲ. "ಆ ಟ್ಯೂಬು ನನ್ನ ಜೇಬಲ್ಲಿತ್ತು ಮಿಸ್. ಎರಡು ಸಲಾನೂ. ಕೆಳಗೆ ಹೋಗಿ ಐಸಿಗೆ ಹಾಕಬೇಕಿತ್ತು. ನಾನು ಕೂತ್ಕೊಂಡೆ. ಅದು ಜೇಬಲ್ಲೇ ಬಿಸಿಯಾಯ್ತು."

ಮಿಸ್ಸಿಗೆ ಅರ್ಥವಾಗಲಿಲ್ಲ. ಡಾಕ್ಟರಮ್ಮ ಬಿಡಿಸಿ ಹೇಳಿದರು. "ಉಳಿದವು ತಡ್ಕೊಳ್ತವೆ. ಈ ಮೂರನೇದು ತಡ್ಕೊಳ್ಳಲ್ಲ. ಬಿಸಿಗೆ ಬಿಟ್ರೆ ಟ್ಯೂಬಿನೊಳಗೇ ಸುಸ್ತಾಗಿ ಬಿದ್ದುಹೋಗುತ್ತೆ. ಬಿದ್ದದ್ದು ಟ್ಯೂಬಲ್ಲಿ, ನಿಮ್ಮ ಮೈಯಲ್ಲಲ್ಲ. ಉಳಿದದ್ದೆಲ್ಲ ಸರಿಯಿದ್ದು ಇದೊಂದೇ ಬಿದ್ದಾಗ ನಾನೂ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಐಸಿಗೆ ಹೋಗೋ ಮುಂಚೆ ಎಲ್ಲಿತ್ತು ಅಂತ."

ಮಿಸ್ಸಿಗೆ ಬೇಸಿನ್ನಿನ ಮೇಲೆ ಬಗ್ಗಿದ ಅವನು, ಎದೆ ಅದುಮಿ ಹಿಡಿದ ಆ ಕೈ ನೆನಪಾಯಿತು. ಅವನು ಹಿಡಿದುಕೊಂಡಿದ್ದದ್ದು ಅವಳ ರಕ್ತವನ್ನು.

"ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದೀರಿ," ಅಂದರು ಡಾಕ್ಟರಮ್ಮ ಅವನಿಗೆ. "ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಇದು. ಯಾಕೆ ಕೂತ್ರಿ?"

"ಅವರ ಹತ್ರ ಕೂತ್ಕೊಂಡಿರೋಣ ಅನ್ನಿಸ್ತು ಡಾಕ್ಟರ್. ಜೇಬಲ್ಲಿ ಏನಿದೆ ಅನ್ನೋದೇ ಮರೆತುಹೋಯ್ತು. ಅವರನ್ನ ಬಿಟ್ಟು ಬೇರೆ ಏನೂ ನೆನಪಿರ್ತಿರ್ಲಿಲ್ಲ." ಆಮೇಲೆ, ನೆಲ ನೋಡುತ್ತಾ, "ಆ ಭಾನುವಾರ ಮೂರನೇದು ಅಂದ್ರಲ್ಲ ಮಿಸ್, ಅಲ್ಲೇ ಗೊತ್ತಾಯ್ತು. ಕೆಳಗಿಳಿದೋನು ಮತ್ತೆ ಹತ್ತಿ ಬಂದೆ. ಬೆಲ್ ಒತ್ತೋಕೆ ಧೈರ್ಯ ಬರ್ಲಿಲ್ಲ. ಒಂದು ಸಲ ಸರಿಯಾಗಿ ತೆಗೆದು ನೋಡಿ ಖಾತ್ರಿಯಾದ್ಮೇಲೆ ಹೇಳೋಣ ಅಂತ ನನಗೆ ನಾನೇ ನೆಪ ಹೇಳ್ಕೊಂಡೆ. ನಮ್ಮ ಲ್ಯಾಬಲ್ಲೂ ಹೇಳಿಬಿಟ್ಟಿದೀನಿ. ಮನೆಮನೆಗೆ ಹೋಗೋ ಕೆಲಸದಿಂದ ತೆಗೆದಿದಾರೆ."

ಪ್ರೀತಿಯನ್ನು ಹೀಗೆ ತಪ್ಪೊಪ್ಪಿಗೆಯ ಒಳಗೆ ಸುತ್ತಿ, ಮೂರನೆಯವರ ಎದುರಿಗೆ, ಸ್ಪಿರಿಟ್ ವಾಸನೆಯ ಕೋಣೆಯಲ್ಲಿ ಹೇಳಿಸಿಕೊಂಡವರು ಬಹಳ ಜನ ಇರಲಾರರು. ಮಿಸ್ಸಿನ ಕಿವಿಗೆ ಅದು ಬಿತ್ತು, ಎದೆಗೂ ತಾಕಿತು. ಆದರೆ ಮೊದಲು ಮೇಲೆದ್ದು ಬಂದದ್ದು ಸಿಟ್ಟು.

"ನನ್ನ ಮುಖ ನೋಡಿ," ಅಂದಳು.

ಅವನು ನೋಡಿದ.

"ಈ ಕೆನ್ನೆ ನಿಮ್ಮ ಜೇಬಿನ ಕೊಡುಗೆ. ದೊಡ್ಡ ಮಕ್ಕಳ ಬ್ಯಾಚನ್ನ ಪೂಲಿನವರು ಬೇರೆಯವರಿಗೆ ಕೊಟ್ಟಾಯ್ತು. ಕಿಡ್ನಿಗೆ ಸೂಜಿ ಹಾಕಿಸ್ಕೋಬೇಕಾಗುತ್ತೆ ಅಂತ ನಾನು ತಿಂಗಳಿಡೀ ಹೆದರಿ ಸತ್ತಿದೀನಿ. ಅದೆಲ್ಲ ಹೋಗ್ಲಿ. ನಿಮ್ಮನ್ನ ಕಂಡ್ರೆ ನನ್ನ ಮೈಗೆ ಆಗಲ್ಲ ಅಂತ ನಂಬಿಬಿಟ್ಟಿದ್ದೆ. ಹಾಗೆ ನಂಬ್ಕೊಂಡು ಬದುಕೋದು ಹೇಗಿರುತ್ತೆ ಗೊತ್ತಾ?"

ಅವಳು ಎದ್ದು ಹೊರಗೆ ಹೋದಳು. ಮಾತ್ರೆ ಹಂತಹಂತವಾಗಿ ಇಳಿಸುವ ವಿಚಾರವನ್ನು ಡಾಕ್ಟರಮ್ಮ ಆಮೇಲೆ ಫೋನಿನಲ್ಲಿ ಹೇಳಬೇಕಾಯಿತು. ಜೊತೆಗೆ, "ನೀರಿಗೆ ಇಳೀಬಹುದು," ಅಂತಲೂ ಹೇಳಿದರು.

ದೊಡ್ಡ ರಜೆ ಬಂತು. ಮಿಸ್ಸಿಗೆ ಸಿಕ್ಕಿದ್ದು ತೀರಾ ಚಿಕ್ಕ ಮಕ್ಕಳ ಬ್ಯಾಚು. ಮೂಗು ಸೋರಿಸಿಕೊಂಡು, ಅಮ್ಮಂದಿರ ಕಾಲು ಹಿಡಿದುಕೊಂಡು ನಿಲ್ಲುವ ಮರಿಗಳು. ಮೊದಲ ದಿನ ಅವಳು ಸೊಂಟದಷ್ಟು ನೀರಿಗೆ ಇಳಿದು ಸುಮ್ಮನೆ ನಿಂತಳು. ಕ್ಲೋರಿನ್ ವಾಸನೆ, ಚಾವಣಿಯ ಕೆಳಗೆ ಮಕ್ಕಳ ಕಿರುಚಾಟ, ಗೆಣ್ಣುಗಳ ಸುತ್ತ ತಣ್ಣಗೆ ನೀರು. ಚೆನ್ನಾಗಿದೆ ಅನ್ನಿಸಿತು. ಅನ್ನಿಸಿದ್ದೇ ತಡ, ಹಳೆ ಅಭ್ಯಾಸದಿಂದ ಒಂದು ಹೆದರಿಕೆಯೂ ಬಂತು: ಈ ಚೆನ್ನಾಗಿರುವುದನ್ನು ನಂಬಬಹುದಾ?

ನಂಬಬಹುದಿತ್ತು. ಅಲ್ಲೇ, ನೀರಿನಲ್ಲಿ ನಿಂತೇ, ಅವಳಿಗೆ ಅದು ಹೊಳೆದದ್ದು. ಅವನು ಕಾಫಿಗೆ ಕೂತ ಆ ಬೆಳಿಗ್ಗೆ ಚೆನ್ನಾಗಿದ್ದೀನಿ ಅಂತ ಅವಳಿಗೆ ಅನ್ನಿಸಿತ್ತಲ್ಲ, ಅವತ್ತು ಅವಳು ನಿಜವಾಗಿಯೂ ಚೆನ್ನಾಗಿಯೇ ಇದ್ದಳು. ನೋವಿಲ್ಲದೆ ಮಲಗಿದ ಆ ರಾತ್ರಿ ನಿಜ. ಡವಡವ ನಿಜ. ಸುಳ್ಳು ಹೇಳಿದ್ದು ಟ್ಯೂಬೊಂದೇ. ಬೇಡ ಅಂತ ಬಿಸಾಕಿದ್ದ ಎರಡು ತಿಂಗಳ ಸುಖ ಯಾರೋ ತೊಳೆದು ಮಡಚಿ ವಾಪಸ್ಸು ಕೊಟ್ಟ ಹಾಗಾಯಿತು ಅವಳಿಗೆ.

"ಮಿಸ್, ಯಾಕೆ ಅಳ್ತಿದೀರಾ?" ಅಂತ ಒಂದು ಮರಿ ಕೇಳಿತು.

"ಕಣ್ಣಿಗೆ ನೀರು ಹೋಯ್ತು ಪುಟ್ಟ. ನೀನು ಗುಳ್ಳೆ ಬಿಡು."

ಆ ತಿಂಗಳ ರಕ್ತ ಕೊಡಲು ಅವಳು ತಾನೇ ಲ್ಯಾಬಿಗೆ ಹೋದಳು. "ಮನೆಗೇ ಬರ್ತಾರಲ್ಲ," ಅಂದಳು ಅಕ್ಕ. "ಗೊತ್ತು," ಅಂದಳು ತಂಗಿ. ಅಕ್ಕ ಕಾರಿನ ಕೀ ತೆಗೆದುಕೊಂಡಳು.

ಲ್ಯಾಬಿನ ಒಳಕೋಣೆಯಲ್ಲಿ ಎರಡು ಕುರ್ಚಿ. ಒಂದರ ಹತ್ತಿರ ಸೊಂಟನೋವಿನ ಆ ಹೆಂಗಸು ಕೈಖಾಲಿ ಇದ್ದರು. ಇನ್ನೊಂದರ ಹತ್ತಿರ ಅವನು ಯಾರೋ ಮುದುಕರ ತೋಳಿಗೆ ಹತ್ತಿ ಒತ್ತುತ್ತಿದ್ದ. "ಬನ್ನಿ, ಇಲ್ಲಿ ಖಾಲಿ ಇದೆ," ಅಂದರು ಆಕೆ. "ಪರವಾಗಿಲ್ಲ, ಕಾಯ್ತೀನಿ," ಅಂದಳು ಮಿಸ್ಸು. ಅವನ ಕೈ ಹತ್ತಿಯ ಮೇಲೇ ನಿಂತಿತು. ಮುದುಕರು ಸಾಕು ಬಿಡಪ್ಪ ಅನ್ನಬೇಕಾಯಿತು.

ಅವಳು ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಅವನು ಅವಳ ಅಂಗೈಯನ್ನು ತನ್ನ ಎರಡು ಕೈಯ ನಡುವೆ ತೆಗೆದುಕೊಂಡ. ಬೆಚ್ಚಗಾಗಲು ಎಷ್ಟು ಬೇಕೋ ಅದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತೇ ಇಟ್ಟುಕೊಂಡ.

"ಕೆನ್ನೆ ಇಳೀತಿದೆ ಮಿಸ್," ಅಂದ ತಗ್ಗಿದ ದನಿಯಲ್ಲಿ.

"ಇಳಿದೇ ಇಳಿಯುತ್ತೆ. ಮಾತ್ರೆ ಕಮ್ಮಿಯಾಗ್ತಿದೆ."

"ನನಗೆ ದುಂಡಗಿದ್ರೂ ಚೆನ್ನಾಗೇ ಕಾಣ್ತಿತ್ತು."

"ಸುಮ್ನೆ ಕೆಲಸ ನೋಡಿ."

ಅವನು ಸೂಜಿ ಹಿಡಿದ. ಈ ಸಲ ಅವನ ಬಾಯಿಂದ ಪ್ರಶ್ನೆ ಬರಲಿಲ್ಲ. ಕೇಳುವ ಹಕ್ಕು ಹೋಗಿದೆ ಅಂದುಕೊಂಡಿದ್ದನೋ ಏನೋ. ಅದಕ್ಕೇ ಅವಳೇ ಕೇಳಿದಳು.

"ಆ ಭಾನುವಾರ ಬ್ಯಾಗಿಲ್ಲದೆ ಬಂದಿದ್ರಲ್ಲ. ಏನು ಹೇಳೋಕೆ ಬಂದಿದ್ರಿ?"

ಸೂಜಿ ಇಳಿದದ್ದು ಅವಳಿಗೆ ತಿಳಿಯಲೇ ಇಲ್ಲ. ಟ್ಯೂಬು ತುಂಬಿತು. ಅವನು ಅವಳ ತೋಳಿಗೆ ಹತ್ತಿ ಇಟ್ಟು ಎದ್ದ. ಮೂಲೆಯಲ್ಲಿದ್ದ ಐಸಿನ ಡಬ್ಬಿಯ ಹತ್ತಿರ ಹೋಗಿ, ಟ್ಯೂಬನ್ನು ಒಳಗಿಟ್ಟು, ಮುಚ್ಚಳ ಹಾಕಿ, ಅದರ ಮೇಲೆ ಮೆಲ್ಲಗೆ ಒಂದು ತಟ್ಟು ತಟ್ಟಿದ. ಪರದೆಯ ಅಡ್ಡವಿಲ್ಲದೆ ಅವಳು ಅದನ್ನು ನೋಡಿದ್ದು ಅದೇ ಮೊದಲು. ಆಮೇಲೆ ವಾಪಸ್ಸು ಬಂದು ಅವಳೆದುರು ಸ್ಟೂಲಿನ ಮೇಲೆ ಕೂತ.

"ಐಸಿಗೆ ಇಟ್ಟು ಬಂದೆ. ಈಗ ಹೇಳಬಹುದು," ಅಂದ. "ನಿಮ್ಮ ಜೊತೆ ಹೀಗೇ ಕೂತ್ಕೊಂಡಿರಬೇಕು ಅಂತ ಆಸೆ ಮಿಸ್. ಬದುಕಿರೋವರೆಗೂ. ಇಷ್ಟೇ ಹೇಳೋಕೆ ಬಂದಿದ್ದು."

"ನನ್ನ ಕಾಯಿಲೆ ವಾಸಿಯಾಗೋದಲ್ಲ. ಯಾವಾಗ ಏರುತ್ತೋ, ಯಾವಾಗ ಇಳಿಯುತ್ತೋ ಹೇಳೋಕಾಗಲ್ಲ."

"ಗೊತ್ತು. ಏರಬಾರದ್ದು ಒಂದು, ಇಳಿಯಬಾರದ್ದು ಮೂರು. ಕಾಯೋಕೆ ಇಬ್ಬರಿದ್ರೆ ಒಳ್ಳೇದಲ್ವಾ?"

ಪಕ್ಕದ ಕುರ್ಚಿಯ ಹೆಂಗಸು ತುಂಬಾ ಹೊತ್ತಿನಿಂದ ಒಂದೇ ಸೂಜಿಯ ಪೊಟ್ಟಣವನ್ನು ಬಿಚ್ಚುತ್ತಿದ್ದರು. ಮಿಸ್ಸು ಹತ್ತಿ ಒತ್ತಿಕೊಂಡು ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು. ಆದರೆ ಅದನ್ನು ಇಟ್ಟುಕೊಂಡೇ ಮಾಡಬಹುದಾದ ಕೆಲಸಗಳೂ ಇದ್ದವು.

"ನನ್ನ ಮರಿ ಬ್ಯಾಚಲ್ಲಿ ಒಂದು ಜಾಗ ಖಾಲಿ ಇದೆ. ಎಲ್ಲರೂ ನಿಮ್ಮ ಮಂಡಿಯಷ್ಟು ಎತ್ತರ ಇದಾರೆ, ನಾಚಿಕೆಪಡಬಾರದು."

"ಯಾವತ್ತು ಬರಲಿ ಮಿಸ್?"

"ನಾಳೆನೇ ಬನ್ನಿ. ಜೇಬಿಲ್ಲದ ಬಟ್ಟೆ ಹಾಕ್ಕೊಂಡು ಬನ್ನಿ."